ಕೈಗೆ ರಜೆ

ಪಾಸ್‌ಪೋರ್ಟಿನ ಅವಧಿ ಮುಗಿದುಹೋಗಿದೆ ಎಂಬುದನ್ನು ಮೊದಲು ಕಂಡವಳು ಮಗಳು, ಅದೂ ಎಲ್ಲರೂ ಊಟಕ್ಕೆ ಕೂತಿದ್ದಾಗ. ಅಮ್ಮನ ಹಳೆಯ ಫೋಟೋ ನೋಡಿ ನಗೋಣವೆಂದು ಆ ಪುಟ್ಟ ಪುಸ್ತಕವನ್ನು ತೆರೆದವಳು ತುತ್ತು ಬಾಯಲ್ಲಿಟ್ಟುಕೊಂಡೇ ತಾರೀಕಿನ ಮೇಲೆ ಬೆರಳಿಟ್ಟಳು.

"ಅಪ್ಪಾ, ಇದು ಹೋದ ವರ್ಷವೇ ಮುಗಿದಿದೆ."

"ಏನು ಮುಗಿದಿದೆ?"

"ಪಾಸ್‌ಪೋರ್ಟು."

"ಹುಟ್ಟಿದ ತಾರೀಕು ನೋಡ್ತಿದೀಯ ನೀನು. ಸರಿಯಾಗಿ ನೋಡು."

"ಅಮ್ಮ ಹೋದ ವರ್ಷ ಹುಟ್ಟಿದ್ಲಾ?"

ಅಪ್ಪ ಲಿಫ್ಟ್ ರಿಪೇರಿ ಕೆಲಸದವನು. ಮಹಡಿಗಳ ನಡುವೆ ಸಿಕ್ಕಿಕೊಂಡವರಿಗೆ ಕೆಳಗಿನಿಂದ ಕೂಗಿ ಧೈರ್ಯ ಹೇಳಿ ಹೇಳಿ, ಏನೂ ಕೆಟ್ಟಿಲ್ಲ, ಸ್ವಲ್ಪ ನಿಂತಿದೆ ಅಷ್ಟೇ ಎನ್ನುವುದು ಅವನ ನಾಲಿಗೆಗೆ ಅಂಟಿಹೋಗಿತ್ತು. ಪುಸ್ತಕ ಕಸಿದುಕೊಂಡು ದೂರ ಹಿಡಿದ, ಹತ್ತಿರ ಹಿಡಿದ, ದೀಪದ ಕೆಳಗೆ ಹಿಡಿದ. ಅಂಕಿ ಬದಲಾಗಲಿಲ್ಲ.

"ನೀವೇ ಅಲ್ವಾ ಹೇಳಿದ್ದು, ಪಾಸ್‌ಪೋರ್ಟಿನ ಚಿಂತೆ ಬಿಡು ಅಂತ," ಎಂದಳು ಹೆಂಡತಿ. ಅನ್ನದ ಸೌಟು ಅವಳ ಕೈಯಲ್ಲೇ ನಿಂತಿತ್ತು.

"ಇದೆ ಅಂತ ಹೇಳಿದ್ದೆ. ಇದೆಯಲ್ಲ."

"ಇರೋದಕ್ಕೇನು, ಸತ್ತ ಹಲ್ಲೂ ಬಾಯಲ್ಲೇ ಇರುತ್ತೆ," ಎಂದರು ಅವಳ ಅತ್ತೆ, ತಟ್ಟೆಯಿಂದ ತಲೆಯೆತ್ತದೆ.

ಹೆಂಡತಿಯನ್ನು ಆ ಬೀದಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಅಕ್ಕ ಎಂದು. ಅವಳಿಗಿಂತ ಹಿರಿಯನಾದ ಲಾಂಡ್ರಿ ಮಾಲೀಕನಿಗೂ ಅಕ್ಕ, ತರಕಾರಿಯವನಿಗೂ ಅಕ್ಕ. ಆ ಹೆಸರು ಬಂದದ್ದು ತಂಗಿಯಿಂದ. ತಾಯಿ ತೀರಿಕೊಂಡಾಗ ತಂಗಿಗೆ ಹಾಲುಹಲ್ಲು ಬಿದ್ದಿರಲಿಲ್ಲ; ಅಕ್ಕನೇ ತಲೆ ಬಾಚಿ, ಅಕ್ಕನೇ ಗದರಿ, ಮದುವೆಯಾಗಿ ಬಂದಾಗ ಜೊತೆಗೇ ಕರೆತಂದು ಇದೇ ಮನೆಯಲ್ಲಿಟ್ಟುಕೊಂಡು ಬೆಳೆಸಿದ ಹುಡುಗಿ. ಈಗ ಹೊರದೇಶದಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದಳು. ಮದುವೆ ಮಾಡಿಕೊಂಡು ಕರೆದೊಯ್ದವನು ಎಂದೋ ಅವಳನ್ನು ಬಿಟ್ಟು ಹೋಗಿದ್ದ. ಭಾರ ಎತ್ತಿ ಎತ್ತಿ ಅವಳ ಬೆನ್ನುಮೂಳೆ ಕೆಟ್ಟು, ಬಲಗಾಲು ಜೋಮು ಹಿಡಿದು, ಈಗ ಆಪರೇಷನ್ನಿಗೆ ದಿನ ಸಿಕ್ಕಿತ್ತು. ಆದರೆ ಆಸ್ಪತ್ರೆಯದೊಂದು ಷರತ್ತು: ಆಮೇಲೆ ಆರು ವಾರ ಎದ್ದು ಓಡಾಡುವಂತಿಲ್ಲ, ಮನೆಯವರು ಯಾರಾದರೂ ಜೊತೆಗಿರಲೇಬೇಕು. ಯಾರೂ ಇಲ್ಲವೆಂದರೆ ಆ ದಿನ ಸರದಿಯಲ್ಲಿರುವ ಮುಂದಿನವರ ಪಾಲು. ಮತ್ತೆ ಸರದಿ ಬರುವಷ್ಟರಲ್ಲಿ ಕಾಲು ಉಳಿಯುವ ಭರವಸೆ ಡಾಕ್ಟರಿಗೂ ಇರಲಿಲ್ಲ. ಭಾವ ಫೋನಿನಲ್ಲಿ "ಪಾಸ್‌ಪೋರ್ಟ್ ಇದೆ, ನೀನು ಟಿಕೆಟ್ ತಗೋ" ಎಂದದ್ದನ್ನು ನಂಬಿ ಅವಳು ಟಿಕೆಟ್ಟನ್ನೂ ಕಳಿಸಿಬಿಟ್ಟಿದ್ದಳು.

ಆ ಪಾಸ್‌ಪೋರ್ಟು ಮಾಡಿಸಿದ್ದು ತಂಗಿ ಮೊದಲು ಹೊರದೇಶಕ್ಕೆ ಹೋದಾಗ, ಒಮ್ಮೆ ನೋಡಿ ಬರೋಣವೆಂದು. ಆ ವರ್ಷ ಅತ್ತೆ ಬಿದ್ದು ಮಂಡಿ ಮುರಿದುಕೊಂಡರು. ಅಲ್ಲಿಗೆ ಆ ಮಾತು ನಿಂತಿತು. ಒಂದು ಮೊಹರೂ ಬೀಳದೆ ಪುಸ್ತಕಕ್ಕೆ ವಯಸ್ಸಾಯಿತು.

*

ಪಾಸ್‌ಪೋರ್ಟ್ ಕಚೇರಿಯಲ್ಲಿ ಕಾಗದಪತ್ರದ ಕೆಲಸ ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಫೋಟೋ ಆಯಿತು, ಸಹಿ ಆಯಿತು. ಕೌಂಟರಿನ ಹುಡುಗಿಗೆ ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಹಸಿರು ಬೆಳಕಿನ ಗಾಜು ತೋರಿಸಿ, "ಬಲಗೈ ನಾಲ್ಕು ಬೆರಳು ಇಡಿ ಅಮ್ಮಾ" ಎಂದಳು.

ಇಟ್ಟಳು. ಯಂತ್ರ ಕೀಂ ಎಂದಿತು.

"ಸ್ವಲ್ಪ ಒತ್ತಿ."

ಒತ್ತಿದಳು. ಕೀಂ. ಒರೆಸಿ ಇಟ್ಟಳು. ಎಡಗೈ ಇಟ್ಟಳು, ಹೆಬ್ಬೆರಳು ಇಟ್ಟಳು. ಯಂತ್ರ ಹಠ ಹಿಡಿದ ಮಗುವಿನಂತೆ ಅದೊಂದೇ ರಾಗ ಎಳೆಯಿತು.

ಹುಡುಗಿ ಅವಳ ಕೈ ಹಿಡಿದು ತಿರುಗಿಸಿ ನೋಡಿದಳು. "ಏನು ಕೆಲಸ ಮಾಡ್ತೀರಿ?"

"ಲಾಂಡ್ರೀಲಿ. ಕಲೆ ತೆಗೆಯೋದು."

"ಅದಕ್ಕೇ. ಬೆರಳಲ್ಲಿ ಗೆರೆನೇ ಇಲ್ಲ."

ಗಂಡ ಮುಂದೆ ಬಾಗಿದ. "ಮುಂಚೆ ಮಾಡಿಸಿದಾಗ ಇದೆಲ್ಲ ಕೇಳಿರ್ಲಿಲ್ಲ."

"ಈಗ ಕೇಳ್ತೀವಿ ಸರ್."

"ಬೆರಳಚ್ಚು ಕೊಡೋಕಾಗದವರಿಗೆ ಏನೋ ವಿನಾಯಿತಿ ಇರುತ್ತಲ್ಲ?"

"ಬೆರಳೇ ಇಲ್ಲದವರಿಗೆ ಇದೆ. ಇವರಿಗೆ ಹತ್ತೂ ಇದೆಯಲ್ಲ."

ಅಷ್ಟು ಹೇಳಿ ಅವಳಿಗೇ ಮನಸ್ಸು ತಡೆಯಲಿಲ್ಲವೇನೋ, ದನಿ ತಗ್ಗಿಸಿದಳು. "ನೋಡಿ ಅಮ್ಮಾ, ಕೈಗೆ ರಜೆ ಕೊಡಿ. ಮೂರು ವಾರ ಸೋಪು, ಬ್ಲೀಚು, ಪಾತ್ರೆ ಪುಡಿ ಏನೂ ಮುಟ್ಟಬೇಡಿ. ಗ್ಲೌಸೂ ಬೇಡ, ಒಳಗೆ ಬೆವರಿ ಚರ್ಮ ಸುಲಿಯುತ್ತೆ. ಎಣ್ಣೆ ಹಚ್ಚಿ. ಗೆರೆ ವಾಪಸ್ ಬರುತ್ತೆ, ಗಾರೆ ಕೆಲಸದವರಿಗೆಲ್ಲ ಬಂದಿದೆ. ಮೂರು ವಾರಕ್ಕೆ ಇನ್ನೊಂದು ದಿನ ಬರ್ಕೊಡ್ತೀನಿ. ಆವತ್ತು ಸಿಕ್ಕಿದ್ರೆ ವಾರದೊಳಗೆ ಪಾಸ್‌ಪೋರ್ಟ್ ಮನೆಗೆ ಬರುತ್ತೆ."

"ಸಿಗದಿದ್ರೆ?"

ಹುಡುಗಿ ಸೀನಿದಳು. ಅದೇ ಉತ್ತರವಾಯಿತು.

ಲೆಕ್ಕ ಹಾಕಿದರೆ ಟಿಕೆಟ್ಟಿನ ದಿನಕ್ಕೆ ಪಾಸ್‌ಪೋರ್ಟು ಬಾಗಿಲು ತಟ್ಟುವುದು ಕೂದಲೆಳೆಯ ಅಂತರದಲ್ಲಿ. ವೀಸಾ ಅಲ್ಲಿ ಇಳಿದ ಮೇಲೆ ಕೊಡುತ್ತಾರೆ ಎನ್ನುವುದೊಂದೇ ಪುಣ್ಯ.

*

ಲಾಂಡ್ರಿ ಮಾಲೀಕ ಎಲ್ಲವನ್ನೂ ಕೇಳಿ ಗಲ್ಲ ಕೆರೆದುಕೊಂಡ. "ಲಾಂಡ್ರೀಲಿ ನೀರು ಮುಟ್ಟದ ಕೆಲಸ ಅಂದ್ರೆ ನಂದೊಂದೇ ಅಕ್ಕ. ನನ್ನ ಕುರ್ಚೀಲಿ ಕೂರ್ತೀಯಾ?" ಎಂದ. ತಮಾಷೆ ಮುಗಿದ ಮೇಲೆ, ಸಂಬಳವಿಲ್ಲದ ರಜೆ ಎಂದು ಹೇಳಿ ಕಳಿಸಿದ.

ಮನೆಯಲ್ಲಿ ಕೆಲಸ ಹಂಚಿಕೆಯಾಯಿತು. ಅಡುಗೆ ಗಂಡನಿಗೆ, ಪಾತ್ರೆ ಮತ್ತು ನೆಲ ಮಗಳಿಗೆ. ಬಟ್ಟೆ ಭಾನುವಾರಕ್ಕೊಮ್ಮೆ, ಕೆಳಗಿನ ಅಂಗಳದಲ್ಲಿ ಎಲ್ಲ ಮನೆಗಳಿಗೂ ಸೇರಿ ಇರುವ ಯಂತ್ರದಲ್ಲಿ. ಅತ್ತೆಗೆ ಕೂತಲ್ಲೇ ತರಕಾರಿ ಹೆಚ್ಚುವ ಕೆಲಸ.

"ನಮ್ಮ ಕಾಲದಲ್ಲಿ ಬಾಣಂತಿಗೂ ಇಷ್ಟು ಆರೈಕೆ ಇರ್ಲಿಲ್ಲ," ಎಂದರು ಅತ್ತೆ ಮೊದಲ ದಿನವೇ.

"ಅಜ್ಜಿ, ಡಾಕ್ಟರು ಹೇಳಿದ ಹಾಗೆ ಅಂದ್ಕೊ."

"ಯಾವ ಡಾಕ್ಟರು? ಮೂಗು ಸೋರೋ ಗುಮಾಸ್ತೆ."

ಗಂಡ ಮಾಡಿದ ಅನ್ನ ಮೇಲೆ ಹಸಿ, ಕೆಳಗೆ ಕರಿ. ಎರಡನೆಯ ದಿನ ಮೊಟ್ಟೆ ಬೇಯಿಸಿದ. ಮೂರನೆಯ ದಿನವೂ ಮೊಟ್ಟೆ. ನಾಲ್ಕನೆಯ ದಿನ ಮಗಳು, "ಅಪ್ಪಾ, ಹೀಗೇ ಹೋದ್ರೆ ನಾವು ಕೋಳಿ ಹಾಗೆ ಕೂಗೋಕೆ ಶುರುಮಾಡ್ತೀವಿ" ಎಂದಳು. ಅಕ್ಕ ಒಲೆಯ ಪಕ್ಕ ನಿಂತು ಹೇಳಿಕೊಡುತ್ತಿದ್ದಳು: ಉರಿ ಸಣ್ಣ ಮಾಡಿ, ಈಗ ಮುಚ್ಚಿ, ಈಗ ತಿರುವಿ. ಹೇಳುವಾಗ ಅವಳ ಕೈ ತಾನಾಗಿ ಮುಂದೆ ಬರುತ್ತಿತ್ತು. ಗಂಡ ಸೌಟಿನಿಂದಲೇ ಅದನ್ನು ಹಿಂದಕ್ಕೆ ತಳ್ಳುತ್ತಿದ್ದ. ಇಷ್ಟು ವರ್ಷದಲ್ಲಿ ಅವಳು ಕೈ ಕಟ್ಟಿ ಕೂತದ್ದೇ ಇಲ್ಲ. ಈಗ ಆ ಎರಡು ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯದೆ ಮಡಿಲಲ್ಲಿ ಯಾರದೋ ಮಗುವಿನಂತೆ ಇಟ್ಟುಕೊಂಡು ಕೂರುತ್ತಿದ್ದಳು.

ಗೆರೆ ಬಂತೋ ಇಲ್ಲವೋ ನೋಡಲು ಮಗಳೇ ಒಂದು ಉಪಾಯ ಕಂಡುಹಿಡಿದಳು. ಅವಳ ಫೋನು ಬೆರಳಿಟ್ಟರೆ ತೆರೆಯುವಂಥದ್ದು. ಅದಕ್ಕೆ ಅಮ್ಮನ ಹೆಬ್ಬೆರಳನ್ನೂ ಕಲಿಸಲು ನೋಡಿದಳು. ಫೋನು ಒಲ್ಲೆ ಎಂದಿತು. "ಪರವಾಗಿಲ್ಲ. ಯಾವತ್ತು ಇದು ನಿನ್ನ ಒಪ್ಕೊಳುತ್ತೋ ಆವತ್ತು ಆ ಮಿಷನ್ನೂ ಒಪ್ಕೊಳುತ್ತೆ," ಎಂದಳು. ಅಂದಿನಿಂದ ದಿನಾ ಬೆಳಗ್ಗೆ ಚಹಾ ಕುಡಿಯುವ ಮುಂಚೆ ಎಲ್ಲರೂ ಮೇಜಿನ ಸುತ್ತ ಸೇರುವರು. ಅಕ್ಕ ಬೆರಳಿಡುವಳು. ಫೋನು ನಡುಗುವುದು. "ಮತ್ತೆ ಪ್ರಯತ್ನಿಸಿ" ಎಂದು ಮಗಳು ಓದುವಳು. ಗಂಡ ಲೋಟ ಎತ್ತಿಕೊಂಡು ಹೋಗುವನು.

ಸಂಜೆ ತಂಗಿ ಫೋನಿನ ಪರದೆಯಲ್ಲಿ ಮೂಡುತ್ತಿದ್ದಳು. ಅವಳೇ ರೋಗಿ, ಆದರೂ ಅವಳ ಮೊದಲ ಪ್ರಶ್ನೆ, "ಅಕ್ಕ, ಬೆರಳು ಹೇಗಿದೆ?"

"ಬರ್ತಿದೆ. ನಿನ್ನ ಕಾಲು?"

"ಅದೂ ಬರ್ತಿದೆ, ಎಳ್ಕೊಂಡು ಬರ್ತೀನಿ." ನಕ್ಕಳು. ನಗು ಪೂರ್ತಿಯಾಗಲಿಲ್ಲ. "ಆಸ್ಪತ್ರೇಲಿ ನಿನ್ನ ಪಾಸ್‌ಪೋರ್ಟ್ ನಂಬರ್ ಕೇಳ್ತಿದಾರೆ. ಹೊಸದು ಬರ್ತಿದೆ ಅಂದಿದೀನಿ. ಆಪರೇಷನ್ನಿಗೆ ನಾಲ್ಕು ದಿನ ಮುಂಚೆವರೆಗೂ ಕಾಯ್ತಾರಂತೆ. ಆಮೇಲೆ ಇಲ್ಲವಂತೆ."

"ಅಷ್ಟರೊಳಗೆ ಬರುತ್ತೆ."

"ಖಂಡಿತಾ ತಾನೇ?"

"ಅಕ್ಕ ಯಾವತ್ತಾದ್ರೂ ಸುಳ್ಳು ಹೇಳಿದಾಳಾ?"

ಫೋನು ಇಟ್ಟ ಮೇಲೆ ಅಕ್ಕ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಏಕೆಂದರೆ ಗೆರೆ ಬರುತ್ತಿರಲಿಲ್ಲ, ಯಾಕೆ ಬರುತ್ತಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

*

ಅತ್ತೆಗೆ ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು. ಶುರುವಾಗಿ ವರ್ಷವೇ ಆಗಿರಬಹುದು. ಮನೆಯಲ್ಲಿ ಅದು ಗೊತ್ತಿದ್ದದ್ದು ಅಕ್ಕನಿಗೊಬ್ಬಳಿಗೇ, ಮತ್ತು ಆ ಬಗ್ಗೆ ಇಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ. ಗಂಡ, ಮಗಳು ಹೊರಟ ಮೇಲೆ ಅತ್ತೆ ಸ್ನಾನದ ಮನೆಯ ಮೂಲೆಯಲ್ಲಿ ಒಂದು ಮುಚ್ಚಿದ ಬಕೆಟ್ಟು ಇಟ್ಟು ಬಂದು ಕಿಟಕಿಯ ಕಡೆ ತಿರುಗಿ ಕೂರುವರು. ಅಕ್ಕ ಲಾಂಡ್ರಿಗೆ ಹೋಗುವ ಮುಂಚೆ ಕಲೆಯೂ ವಾಸನೆಯೂ ಇಲ್ಲದಂತೆ ಒಗೆದು ಬಾಗಿಲ ಹಿಂದೆ ಒಣಗಲು ಹಾಕುವಳು. ಅಷ್ಟೇ. ಮಗ, "ನಮ್ಮಮ್ಮ ಗಟ್ಟಿ ಮುದುಕಿ" ಎಂದು ಹೊರಗೆ ಹೇಳಿಕೊಂಡು ತಿರುಗುವನು.

ರಜೆಯ ಮೊದಲ ವಾರದಲ್ಲಿ ಎರಡು ದಿನ ಬಕೆಟ್ಟು ಬರಲಿಲ್ಲ. ಮೂರನೆಯ ದಿನ ಅಕ್ಕ ಕಸ ಗುಡಿಸುವ ನೆಪದಲ್ಲಿ ಅತ್ತೆಯ ಕೋಣೆಗೆ ಹೋದಳು. ಮಂಚದ ಕೆಳಗೆ ಒದ್ದೆ ಬಟ್ಟೆ ಸುತ್ತಿ ತುರುಕಿತ್ತು. ಸ್ನಾನದ ಮನೆಯಲ್ಲಿ ಅತ್ತೆ ಗೋಡೆ ಹಿಡಿದು ನಿಂತು, ಬಗ್ಗಲಾಗದ ಮಂಡಿಯನ್ನು ಬಗ್ಗಿಸಲು ನೋಡುತ್ತಿದ್ದರು. ನಲ್ಲಿ ಸುರಿಯುತ್ತಿತ್ತು.

"ಬಿಡಿ ಅತ್ತೆ."

"ನೀನು ಹೋಗು ಆಚೆ. ನಿನ್ನ ಕೈಗೆ ರಜೆ."

"ಬಿದ್ರೆ ಇನ್ನೊಂದು ಮಂಡೀನೂ ಹೋಗುತ್ತೆ."

"ಹೋಗ್ಲಿ. ಎರಡೂ ಸಮ ಆಗುತ್ತೆ."

"ಇವರಿಗೆ ಹೇಳಿಬಿಡೋಣ ಅತ್ತೆ. ನಿಮ್ಮ ಮಗ ತಾನೇ."

ಅತ್ತೆ ತಿರುಗಿದರು. "ಹೇಳಿದ ದಿನವೇ ನಾನು ಈ ಮನೇಲಿ ನೀರು ಮುಟ್ಟೋದು ಬಿಟ್ಟೆ ಅಂತ ತಿಳ್ಕೊ."

ಬಾಯಿಮಾತಲ್ಲ ಅದು. ಈಗಾಗಲೇ ಅವರು ಮಧ್ಯಾಹ್ನದ ಮೇಲೆ ನೀರು ಕುಡಿಯುವುದು ನಿಲ್ಲಿಸಿದ್ದರು. ತುಟಿ ಒಡೆದು ಬಿಳಿಚಿತ್ತು. ಅಕ್ಕ ಅವರನ್ನು ರಟ್ಟೆ ಹಿಡಿದು ಹೊರಗೆ ಕೂರಿಸಿ ಬಂದು ಬಕೆಟ್ಟಿಗೆ ಕೈಯಿಟ್ಟಳು. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡಳು. ಆ ಒಂದು ದಿನ ದಿನವೂ ಬಂತು.

ವಿಚಿತ್ರವೆಂದರೆ, ಬೆಳಗ್ಗೆ ಒಗೆಸಿಕೊಂಡಷ್ಟೂ ಸಂಜೆ ಅತ್ತೆಯ ನಾಲಿಗೆ ಹರಿತವಾಗುತ್ತಿತ್ತು. ಮಗನ ಎದುರಿಗೇ, "ಕೂತು ಕೂತು ಮೈ ಬಂದಿದೆ ನಿನ್ನ ಹೆಂಡ್ತಿಗೆ" ಎನ್ನುವರು. "ವಿಮಾನಕ್ಕೆ ಭಾರ ಜಾಸ್ತಿಯಾದ್ರೆ ಬಿಟ್ಟು ಹೋಗ್ತಾರಂತೆ." ಅಕ್ಕ ಎಣ್ಣೆ ಹಚ್ಚಿದ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನಯವಾಗಿ, ನೀರಲ್ಲಿ ನೆನೆದ ಬೀಜದ ಸಿಪ್ಪೆಯ ಹಾಗೆ ಬೆಳ್ಳಗಿದ್ದವು.

*

ಎರಡನೆಯ ವಾರದ ಕೊನೆಗೆ ಜಗಳ ಹತ್ತಿಕೊಂಡಿತು. ಗಂಡನಿಗೆ ಅಂದು ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟು ಕೈಕೊಟ್ಟು ದಿನವಿಡೀ ಮೆಟ್ಟಿಲು ಹತ್ತಿ ಇಳಿದ ದಣಿವು. ಬಂದವನೇ ಕೈಕಾಲು ತೊಳೆಯಲು ಸ್ನಾನದ ಮನೆಗೆ ಹೋದ. ಅನ್ನಕ್ಕೆ ಇಟ್ಟು, ಆಲೂಗಡ್ಡೆ ಪಲ್ಯಕ್ಕೆ ಒಗ್ಗರಣೆ ಹಾಕಿ, ಎಲ್ಲರಿಗೂ ಬಡಿಸಿ ಕೂತ ಮೇಲೆ ತೀರಾ ಮೆಲ್ಲಗೆ ಕೇಳಿದ.

"ಇವತ್ತು ಏನು ಒಗೆದೆ?"

"ಏನೂ ಇಲ್ಲ."

"ಬ್ಲೀಚಿನ ವಾಸನೆ ಮೂಗಿಗೆ ಹೊಡೀತಿದೆ ಅಲ್ಲಿ."

"ನೆಲಕ್ಕೆ ಹಾಕಿದ್ದೆ."

"ನೆಲ ಇವಳ ಪಾಲು. ನಿಂದಲ್ಲ." ಮಗಳ ಕಡೆ ಕೈ ತೋರಿಸಿದ. "ನನ್ನ ಶರ್ಟುಗಳು ವಾರದಿಂದ ಹಾಗೇ ಬಿದ್ದಿವೆ. ಇವಳ ಬಟ್ಟೇನೂ ಬಿದ್ದಿದೆ. ನನ್ನದಲ್ಲ, ಇವಳದ್ದಲ್ಲ, ಹಾಗಾದ್ರೆ ನೀನು ಒಗೆಯೋದು ಯಾರದ್ದು? ಬೀದಿಯವರದ್ದಾ?"

ಅಕ್ಕ ಕೈಗಳನ್ನು ಮೇಜಿನ ಕೆಳಗೆ ಇಳಿಸಿದಳು. ಮಗಳು ಆ ಕೈ ಹಿಡಿದೆಳೆದು ಮೇಲೆ ಇಟ್ಟು ನೋಡಿದಳು. ಬೆರಳ ತುದಿಯೆಲ್ಲ ಸುಕ್ಕು.

"ಅಮ್ಮಾ."

"ಊಟ ಮಾಡು."

"ನಂಗೆ ಪರೀಕ್ಷೆ ಇದೆ, ಅದನ್ನ ಬಿಟ್ಟು ಪಾತ್ರೆ ತಿಕ್ತಿದೀನಿ. ನನ್ನ ಕೈ ನೋಡು. ಯಾರಿಗೋಸ್ಕರ? ನೀನು ಕದ್ದು ಕದ್ದು ಒಗೀತಿದೀಯ."

"ಹಾಗಲ್ಲ ಕಣೇ."

"ಮತ್ತೆ ಹೇಗೆ? ನಿಂಗೆ ಹೋಗೋಕೆ ಇಷ್ಟ ಇಲ್ಲ. ಭಯ. ಅದನ್ನ ಬಾಯಿಬಿಟ್ಟು ಹೇಳೋಕಾಗದೆ ಬೆರಳು ಸವೆಸ್ತಿದೀಯ. ಚಿಕ್ಕಮ್ಮಂಗೆ ನೇರವಾಗಿ ಹೇಳ್ಬಿಡು, ಅವಳು ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ."

ಅಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಬಾಯಿ ತೆರೆದಳು, ಎದುರಿಗೆ ಅತ್ತೆ ಕೂತಿದ್ದರು. ಮುಚ್ಚಿದಳು. ಬಿಸಿ ತುಪ್ಪ ಬಾಯಲ್ಲಿಟ್ಟವರ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

"ಮಾತಾಡು," ಎಂದ ಗಂಡ. "ಅವಳಿಗೆ ನಾನು ಮಾತು ಕೊಟ್ಟಿದೀನಿ, ಅಕ್ಕ ಬರ್ತಾಳೆ ಅಂತ. ತಪ್ಪು ನಂದು, ತಾರೀಕು ನೋಡ್ಲಿಲ್ಲ, ಒಪ್ಕೋತೀನಿ. ಆ ತಪ್ಪಿಗೆ ಎರಡು ವಾರದಿಂದ ಒಲೆ ಮುಂದೆ ನಿಂತಿದೀನಿ. ನಿನ್ನ ತಪ್ಪು ಏನು ಅಂತ ನೀನಾದ್ರೂ ಹೇಳು."

"ಅವಳದೇನೂ ಇಲ್ಲ," ಎಂದರು ಅತ್ತೆ.

"ನೀನು ಸುಮ್ಮನಿರಮ್ಮ."

"ಸುಮ್ಮನಿದ್ದದ್ದಕ್ಕೇ ಹೀಗಾಗಿರೋದು." ಅತ್ತೆ ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಅನ್ನ ಕಲಸಿದ ಕೈ ಒಣಗಿತ್ತು. ಮಗನ ಮುಖ ನೋಡಲಿಲ್ಲ, ಉಪ್ಪಿನ ಡಬ್ಬಿಗೆ ಹೇಳುವವರ ಹಾಗೆ ಹೇಳಿದರು. "ಅವಳು ಒಗೀತಿರೋದು ನನ್ನ ಹಾಸಿಗೆ ಬಟ್ಟೆ. ರಾತ್ರಿ ನಂಗೆ ತಡೆಯಲ್ಲ. ಗೊತ್ತಾಗೋದೇ ಇಲ್ಲ. ಎಳೆಮಗು ಹಾಗೆ ಒದ್ದೆ ಮಾಡ್ಕೋತೀನಿ. ಸಾಕಾ? ಇನ್ನೂ ಬಿಡಿಸಿ ಹೇಳ್ಬೇಕಾ?"

ಫ್ರಿಜ್ಜು ಒಮ್ಮೆ ಗುರ್ ಎಂದು ನಿಂತಿತು.

"ಎಷ್ಟು ದಿನದಿಂದ?" ಎಂದ ಮಗ ಕೊನೆಗೆ.

"ಅದನ್ನ ತಗೊಂಡು ಏನು ಮಾಡ್ತೀಯ. ಅವಳನ್ನ ಕೇಳು, ಅವಳಿಗೇ ಗೊತ್ತಿರೋದು."

"ಅಜ್ಜಿ, ನಂಗಾದ್ರೂ ಹೇಳ್ಬಾರ್ದಿತ್ತಾ," ಎಂದಳು ಮಗಳು. ಅವಳ ದನಿ ಸಣ್ಣಗಾಗಿತ್ತು.

"ನಿಂಗೆ ಹೇಳಿದ್ರೆ ಸಂಜೆಯೊಳಗೆ ನಿನ್ನ ಫೋನಲ್ಲಿರೋರಿಗೆಲ್ಲ ಗೊತ್ತಾಗ್ತಿತ್ತು." ಅತ್ತೆ ಎದ್ದರು. ಮಂಡಿ ಕಟಕಟ ಎಂದಿತು. ಕೋಣೆಯ ಬಾಗಿಲವರೆಗೆ ಹೋಗಿ ನಿಂತರು. "ಹೋಗ್ಬೇಡ ಅಂತ ನಾನು ಅಂದಿಲ್ಲ. ಅದನ್ನೂ ನನ್ನ ತಲೆಗೆ ಕಟ್ಟಬೇಡಿ," ಎಂದು ಬಾಗಿಲು ಹಾಕಿಕೊಂಡರು.

*

ಮರುದಿನ ಗಂಡ ಕೆಲಸಕ್ಕೆ ತಡವಾಗಿ ಹೋಗುತ್ತೇನೆಂದು ಫೋನು ಮಾಡಿ ಹೇಳಿ, ಪ್ಯಾಂಟು ಮಡಿಚಿಕೊಂಡು ಸ್ನಾನದ ಮನೆಗೆ ಇಳಿದ. ಮೂಲೆಯಲ್ಲಿ ಬಕೆಟ್ಟು ಇರಲಿಲ್ಲ. ಅಮ್ಮನ ಕೋಣೆಯ ಮುಂದೆ ನಿಂತು, "ಕೊಡಮ್ಮಾ" ಎಂದ. ಬಾಗಿಲು ತೆರೆಯಲಿಲ್ಲ. "ನಾನು ಇಲ್ಲೇ ನಿಂತಿರ್ತೀನಿ. ಮಧ್ಯದಲ್ಲಿ ಸಿಕ್ಕಿ ಹಾಕ್ಕೊಂಡೋರಿಗೆ ಕಾಯೋದು ನಂಗೆ ಅಭ್ಯಾಸ."

ಸುಮಾರು ಹೊತ್ತಿನ ಮೇಲೆ ಬಾಗಿಲು ಬಕೆಟ್ಟಿನಷ್ಟು ತೆರೆಯಿತು.

ಅಕ್ಕ ಹೊರಗೆ ಕೂತು ಕಿವಿಗೊಟ್ಟಳು. ನೀರಿನ ಸದ್ದು. ಆಮೇಲೆ ಅತ್ತೆಯ ದನಿ.

"ಬಿಸಿನೀರು ಹಾಕ್ಬೇಡ, ವಾಸನೆ ಕೂತ್ಬಿಡುತ್ತೆ. ತಣ್ಣೀರು."

"ಸರಿ."

"ಹಾಗೆ ತಿರುಚಿದ್ರೆ ಬಟ್ಟೆ ಹರಿಯುತ್ತೆ. ಲಿಫ್ಟಿನ ಹಗ್ಗ ಅಲ್ಲ ಅದು."

"ಸರಿಯಮ್ಮಾ."

"ಮುಖ ಯಾಕೆ ಹಾಗೆ ಮಾಡ್ತೀಯ?"

"ಮುಖ ಏನೂ ಮಾಡಿಲ್ಲ. ಬ್ಲೀಚು ಕಣ್ಣಿಗೆ ಹೋಯ್ತು."

"ನಿನ್ನವು ಇಂಥವು ನಾನು ಎಷ್ಟು ಒಗೆದಿದೀನೋ," ಎಂದರು ಅತ್ತೆ. ಅದಕ್ಕೆ ಗಂಡ ಏನು ಹೇಳಿದನೋ ನೀರಿನಲ್ಲಿ ಕೇಳಿಸಲಿಲ್ಲ. ಅತ್ತೆ ನಕ್ಕದ್ದು ಕೇಳಿಸಿತು, ಕೆಮ್ಮಿನ ಹಾಗೆ ಒಂದು ಸಲ.

ಅಂದಿನಿಂದ ಅತ್ತೆಗೆ ಸಂಜೆಯೂ ನೀರಿನ ಲೋಟ ಇಟ್ಟುಕೊಡುವ ಕೆಲಸ ಮಗಳದಾಯಿತು. ಕುಡಿದು ಮುಗಿಸುವವರೆಗೂ ಅವಳು ಕದಲುತ್ತಿರಲಿಲ್ಲ. "ಪೊಲೀಸರ ಹಾಗೆ ನಿಂತ್ಕೋತಾಳೆ ನೋಡು," ಎಂದು ಅತ್ತೆ ಬೈಯುತ್ತಲೇ ಕುಡಿಯುವರು. ಅಮ್ಮನಿಗೆ ಅಂದ ಮಾತಿಗೆ ಮಗಳು ಕ್ಷಮೆಯೇನೂ ಕೇಳಲಿಲ್ಲ. ಪರೀಕ್ಷೆಗೆ ಓದುವಾಗ ಅಮ್ಮನ ಪಕ್ಕ ಬಂದು ಕೂತು, ಒಂದು ಕೈಯಲ್ಲಿ ಪುಸ್ತಕ ಹಿಡಿದು ಇನ್ನೊಂದು ಕೈಯಲ್ಲಿ ಅವಳ ಬೆರಳುಗಳಿಗೆ ಒಂದೊಂದಾಗಿ ಎಣ್ಣೆ ತಿಕ್ಕಿದಳು. ಪುಟ ತಿರುವಿದಲ್ಲೆಲ್ಲ ಎಣ್ಣೆ ಕಲೆ.

ಉಳಿದದ್ದು ಒಂದೇ ವಾರ. ಚರ್ಮ ಗಟ್ಟಿಯಾಗುತ್ತಾ ಬಂತು, ಬಿಳುಪು ಹೋಯಿತು, ಆದರೆ ಫೋನು ದಿನಾ ನಡುಗುತ್ತಲೇ ಇತ್ತು. ತಂಗಿ ಕೇಳಿದಾಗಲೆಲ್ಲ ಅಕ್ಕ "ಬರ್ತಿದೆ" ಎಂದಳು. ಕಚೇರಿಗೆ ಹೋಗುವ ಹಿಂದಿನ ದಿನ ಬೆಳಗ್ಗೆ ಫೋನು ಅವಳ ಹೆಬ್ಬೆರಳನ್ನು ಒಮ್ಮೆ ಒಪ್ಪಿಕೊಂಡಿತು. ಮಗಳು ಕುರ್ಚಿ ಬೀಳಿಸಿ ಎದ್ದಳು. ಮತ್ತೆ ಇಟ್ಟರೆ ಇಲ್ಲ. ಮತ್ತೂ ಇಟ್ಟರೆ ಇಲ್ಲ.

"ಮೊದಲನೇದು ಲೆಕ್ಕಕ್ಕೆ," ಎಂದ ಗಂಡ.

"ಲೆಕ್ಕ ಹಾಕೋರು ನಾವಲ್ಲವಲ್ಲ," ಎಂದಳು ಅಕ್ಕ.

*

ಕೌಂಟರಿನಲ್ಲಿ ಅದೇ ಹುಡುಗಿ. ನೆಗಡಿ ಹೋಗಿತ್ತು. ಗುರುತು ಹಿಡಿದಳೋ ಇಲ್ಲವೋ, "ಬಲಗೈ" ಎಂದಳು.

ಅಕ್ಕ ಸೀರೆಯ ಸೆರಗಿಗೆ ಕೈ ಒರೆಸಿ ಇಟ್ಟಳು. ಯಂತ್ರ ತಡೆಯಿತು, ಯೋಚಿಸಿತು. ಕೀಂ ಎನ್ನಲಿಲ್ಲ. ಹುಡುಗಿ ಪರದೆ ನೋಡುತ್ತಾ, "ಹಾಗೇ ಇರಲಿ, ಹಾಗೇ ಇರಲಿ... ಮೂರು ಬಂತು. ಕಿರುಬೆರಳು ಇನ್ನೊಂದ್ಸಲ" ಎಂದಳು. ಇನ್ನೊಂದು ಸಲಕ್ಕೆ ಬಂತು. ಎಡಗೈ ನಾಲ್ಕೂ ಒಟ್ಟಿಗೆ ಬಂದವು. ಎಡ ಹೆಬ್ಬೆರಳು ಬಂತು.

ಬಲ ಹೆಬ್ಬೆರಳಿಗೆ ಕೀಂ.

"ಒರೆಸಿ ಇಡಿ."

ಕೀಂ.

ಬ್ಲೀಚಿನ ಬಾಟಲಿಯ ಮುಚ್ಚಳ ತಿರುಗಿಸುವುದು, ಕಲೆಯನ್ನು ಉಜ್ಜುವುದು, ಬಟ್ಟೆ ಹಿಂಡುವುದು ಎಲ್ಲವೂ ಆ ಬೆರಳೇ. ಅಕ್ಕ ಅದನ್ನು ಬಾಯಿಯ ಹತ್ತಿರ ಹಿಡಿದು ಊದಿದಳು. ಇಟ್ಟಳು. ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಗಂಡ ಅವಳ ಬೆನ್ನ ಹಿಂದೆ ನಿಂತು, ಲಿಫ್ಟಿನೊಳಗಿರುವವರಿಗೆ ಹೇಳುವ ದನಿಯಲ್ಲೇ, "ಗಾಬರಿ ಬೇಡ, ಗಾಬರಿ ಬೇಡ" ಎನ್ನುತ್ತಿದ್ದ. ಅವನ ಗಾಬರಿಯೇ ಹೆಚ್ಚಿತ್ತು.

ಹುಡುಗಿ ಎದ್ದು ಒಳಗೆ ಹೋದಳು. ಗಾಜಿನ ಗೋಡೆಯಾಚೆ ಕನ್ನಡಕದ ಅಧಿಕಾರಿಯೊಬ್ಬರ ಮೇಜಿನ ಪಕ್ಕ ನಿಂತು ಏನೋ ಹೇಳಿದಳು. ಅವರು ಇತ್ತ ನೋಡಿದರು. ಅಕ್ಕ ಏನು ಮಾಡಬೇಕೆಂದು ತಿಳಿಯದೆ ಎರಡೂ ಕೈ ಎತ್ತಿ ತೋರಿಸಿದಳು. ಅವರು ತಲೆಯಾಡಿಸಿದರು, ಅದು ಹೂಂ ಎಂದೋ ಊಹೂಂ ಎಂದೋ ಇಷ್ಟು ದೂರಕ್ಕೆ ಗೊತ್ತಾಗಲಿಲ್ಲ.

ಹುಡುಗಿ ಬಂದು ಕೂತಳು. ಏನೋ ಒತ್ತಿದಳು. ಯಂತ್ರದ ಹಸಿರು ಬೆಳಕು ಆರಿತು.

"ಒಂದು ಬೆರಳು ಬಿಡಬಹುದು ಅಂದ್ರು. ಒಂಬತ್ತು ಸಾಕು."

ಅಕ್ಕನ ಕೈ ಗಾಜಿನ ಮೇಲೆಯೇ ಇತ್ತು.

"ಆಯ್ತಮ್ಮಾ. ಕೈ ತೆಗೀರಿ, ಹಿಂದೆ ಜನ ಇದಾರೆ."

*

ಪಾಸ್‌ಪೋರ್ಟು ಬರುವವರೆಗಿನ ದಿನಗಳು ಮೊದಲ ಮೂರು ವಾರಗಳಿಗಿಂತ ಉದ್ದವಾದವು. ಮೆಟ್ಟಿಲಲ್ಲಿ ಯಾರ ಚಪ್ಪಲಿ ಸದ್ದಾದರೂ ಎಲ್ಲರ ತಲೆ ಬಾಗಿಲ ಕಡೆಗೆ. ಆಸ್ಪತ್ರೆ ಕೊಟ್ಟ ಗಡುವಿನ ದಿನವೇ ಮಧ್ಯಾಹ್ನ ಅಂಚೆಯವನು ಬಂದ. ಸಹಿ ಹಾಕಿ ಇಸಿದುಕೊಂಡವರು ಅತ್ತೆ. ಮನೆಯಲ್ಲಿ ಅವರು, ಅಕ್ಕ ಇಬ್ಬರೇ ಇದ್ದರು. ಅಕ್ಕ ತಾರೀಕನ್ನು ಎರಡು ಸಲ ಓದಿ, ನಂಬರನ್ನು ಒಂದೊಂದೇ ಅಂಕಿಯಾಗಿ ತಂಗಿಗೆ ಹೇಳಿದಳು. ಅತ್ತ ಕಡೆಯಿಂದ ಅಳು ಬಿಟ್ಟು ಬೇರೇನೂ ಕೇಳಿಸಲಿಲ್ಲ. "ಮೊದಲು ಬರ್ಕೊ, ಆಮೇಲೆ ಅಳು" ಎಂದು ಗದರಿಸಿ, ಮತ್ತೊಮ್ಮೆ ಮೊದಲಿನಿಂದ ಹೇಳಿದಳು.

ಹೊರಡುವ ದಿನ ಮಗಳು ಚೀಲ ಎತ್ತಿಕೊಂಡು ಕೆಳಗಿಳಿದಳು. ಗಂಡ ಟ್ಯಾಕ್ಸಿಯವನೊಂದಿಗೆ ಡಿಕ್ಕಿಯ ವಿಷಯಕ್ಕೆ ವಾದ ಮಾಡುತ್ತಿದ್ದದ್ದು ಮೇಲಕ್ಕೆ ಕೇಳಿಸುತ್ತಿತ್ತು. ಅಕ್ಕ ಅತ್ತೆಯ ಕಾಲು ಮುಟ್ಟಲು ಬಗ್ಗಿದಳು. ಅತ್ತೆ ಅವಳ ಕೈ ಹಿಡಿದುಕೊಂಡು ಬಿಡಲಿಲ್ಲ. ಬಲ ಹೆಬ್ಬೆರಳನ್ನು ತಿರುಗಿಸಿ, ತಮ್ಮ ಒರಟು ಬೆರಳಿನಿಂದ ಅದರ ತುದಿಯನ್ನು ಮೆಲ್ಲಗೆ ಸವರಿ ನೋಡಿದರು.

"ಅಲ್ಲಿ ಹೋಗಿ ಅದೂ ಇದೂ ಒಗೀತಾ ಕೂರಬೇಡ," ಎಂದರು.

"ಇಲ್ಲ ಅತ್ತೆ."

"ವಾಪಸ್ ಬರೋವಾಗಲೂ ಬೆರಳು ಒತ್ತಿಸ್ಕೋತಾರಂತೆ. ನಿನ್ನ ಮಗಳು ಫೋನಲ್ಲಿ ಓದಿ ಹೇಳಿದ್ಲು." ಕೆಳಗಿನಿಂದ ಟ್ಯಾಕ್ಸಿ ಹಾರ್ನು ಹೊಡೆಯಿತು. ಅತ್ತೆ ಕೈ ಬಿಡಲಿಲ್ಲ. "ಗೆರೆ ಇಲ್ದೆ ಹೋದ್ರೆ ಒಳಗೆ ಬಿಡಲ್ಲ. ಗೊತ್ತಾಯ್ತಾ?"